ಜನರಲ್ ಕೆ. ಎಸ್. ತಿಮ್ಮಯ್ಯ: ಹಿಮದ ಗಡಿಯ ದಂಡನಾಯಕ

ಇಪ್ಪತ್ತನೆಯ ಶತಮಾನದ ಭಾರತೀಯ ಸೇನೆಯ ಇತಿಹಾಸದಲ್ಲಿ ಕೊಡಗು ಪಡೆದಿರುವ ಸ್ಥಾನ ಆ ಜಿಲ್ಲೆಯ ವಿಸ್ತಾರವನ್ನೂ ಜನಸಂಖ್ಯೆಯನ್ನೂ ಮೀರಿದುದು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ, 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದ ಕೆ. ಎಸ್. ತಿಮ್ಮಯ್ಯನವರೂ ಕೊಡಂದೇರ ಎಂಬ ಒಂದೇ ಒಕ್ಕಕ್ಕೆ ಸೇರಿದವರು. ಇವರಲ್ಲಿ ತಿಮ್ಮಯ್ಯನವರ ಬದುಕು ಕನ್ನಡದಲ್ಲಿ ಸಾಮಾನ್ಯವಾಗಿ ಎರಡು ಘಟನೆಗಳ ಸುತ್ತ ನಿರೂಪಿತವಾಗುತ್ತದೆ. ಜೋಜಿಲಾ ಕಣಿವೆದಾರಿಗೆ ಅವರು ಟ್ಯಾಂಕುಗಳನ್ನು ಏರಿಸಿದ್ದು ಒಂದು. 1959ರಲ್ಲಿ ರಾಜೀನಾಮೆ ಕೊಟ್ಟು ಹಿಂದೆಗೆದುಕೊಂಡದ್ದು ಇನ್ನೊಂದು. ಮೊದಲನೆಯದು ಸಾಹಸದ ಕಥೆಯಾಗಿಯೂ ಎರಡನೆಯದು ರಾಜಕೀಯದ ಕಥೆಯಾಗಿಯೂ ಬೇರೆ ಬೇರೆ ನಿಂತುಬಿಟ್ಟಿವೆ. ಆದರೆ ಇವೆರಡನ್ನೂ ಕೂಡಿಸುವ ಒಂದು ಎಳೆಯಿದೆ. ವಿವಾದಗ್ರಸ್ತ ಗಡಿಯ ಸಮೀಪ, ಗಿಡಮರಗಳಿಲ್ಲದ ಎತ್ತರದಲ್ಲಿ ಒಂದು ಕಾವಲು ನೆಲೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯೇ ಆ ಎಳೆ. 1948ರಿಂದ 1961ರವರೆಗೆ ತಿಮ್ಮಯ್ಯನವರು ಬೇರೆ ಬೇರೆ ಪದವಿಗಳಲ್ಲಿ ಮತ್ತೆ ಮತ್ತೆ ಎದುರಿಸಿದ್ದು ಈ ಪ್ರಶ್ನೆಯನ್ನೇ. ಅದಕ್ಕೆ ಅವರು ಕಂಡುಕೊಂಡ ಉತ್ತರ ಒಮ್ಮೆ ನೆರವೇರಿತು, ಇನ್ನೊಮ್ಮೆ ನೆರವೇರಲಿಲ್ಲ.

ಬಾಲ್ಯ ಮತ್ತು ಶಿಕ್ಷಣ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಕಾಫಿ ತೋಟಗಳ ಅನುಕೂಲಸ್ಥ ಮನೆತನ ಅವರದು. ಕೋವಿಯನ್ನು ಆಯುಧವಾಗಿ ಮಾತ್ರವಲ್ಲದೆ ಮನೆಯ ಪೂಜ್ಯವಸ್ತುವಾಗಿಯೂ ಕಾಣುವ, ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ನಮಿಸುವ ಸಮಾಜದಲ್ಲಿ ಅವರು ಬೆಳೆದರು. ಕಡಿದಾದ ಬೆಟ್ಟ, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ, ಮಳೆಗಾಲದಲ್ಲಿ ಕಡಿದುಹೋಗುವ ದಾರಿ ಇವು ಆ ಕಾಲದ ಕೊಡಗಿನ ನಿತ್ಯದ ಅನುಭವಗಳಾಗಿದ್ದವು.

ಕೂನೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ವ್ಯಾಸಂಗ ಮಾಡಿದ ಬಳಿಕ ಅವರು ಡೆಹರಾಡೂನಿನ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜನ್ನು ಸೇರಿದರು. ಭಾರತೀಯ ತರುಣರನ್ನು ಸೇನಾಧಿಕಾರಿಗಳ ಹುದ್ದೆಗೆ ಅಣಿಗೊಳಿಸಲು 1922ರಲ್ಲಿ ಸ್ಥಾಪನೆಯಾದ ಸಂಸ್ಥೆಯದು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾಗಿ, 1926ರಲ್ಲಿ ಅಧಿಕಾರಪತ್ರ ಪಡೆದು ಹಿಂದಿರುಗಿದರು. ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಹೈಲೆಂಡ್ ಲೈಟ್ ಇನ್‌ಫೆಂಟ್ರಿಯೊಡನೆ ಕೆಲಕಾಲವಿದ್ದು, ಅನಂತರ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿಗೆ ನೇಮಕಗೊಂಡರು. ಬೆಟಾಲಿಯನ್ನು ಆಗ ಬಾಗ್ದಾದಿನಲ್ಲಿತ್ತು. ಮುಂದೆ ಕುಮಾವೂಂ ರೆಜಿಮೆಂಟ್ ಎಂದು ಮರುನಾಮಕರಣಗೊಂಡ ಈ ಪಡೆಯೊಡನೆ ಅವರ ಸಂಬಂಧ ಜೀವನಪರ್ಯಂತ ಉಳಿಯಿತು. 1949ರಿಂದ 1961ರವರೆಗೆ ಅವರು ಅದರ ಗೌರವ ಮುಖ್ಯಸ್ಥರಾದ ಕರ್ನಲ್ ಆಫ್ ದಿ ರೆಜಿಮೆಂಟ್ ಆಗಿದ್ದರು.

ಬ್ರಿಟಿಷ್ ಸಮವಸ್ತ್ರ ತೊಟ್ಟ ಭಾರತೀಯ ತರುಣನ ಇಬ್ಬಂದಿ ತಿಮ್ಮಯ್ಯನವರನ್ನೂ ಬಿಡಲಿಲ್ಲ. ಅಲಹಾಬಾದಿನಲ್ಲಿದ್ದಾಗ ರಾಷ್ಟ್ರೀಯ ಚಳವಳಿಯ ನಾಯಕರ ಸಂಪರ್ಕ ಅವರಿಗೆ ಒದಗಿತು. ಸೇನೆಯನ್ನು ತೊರೆಯುವ ಆಲೋಚನೆಯಲ್ಲಿದ್ದ ಅವರಿಗೆ, ನಾಳಿನ ಸ್ವತಂತ್ರ ದೇಶಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗುವರೆಂಬ ತಿಳಿವಳಿಕೆ ದೊರೆತದ್ದು ಅಲ್ಲಿಯೇ. 1935ರಲ್ಲಿ ಅವರು ನೀನಾ ಅವರನ್ನು ವಿವಾಹವಾಗಿ ಕ್ವೆಟ್ಟಾದಲ್ಲಿ ಸಂಸಾರ ಹೂಡಿದರು. ಅದೇ ವರ್ಷದ ಮೇ 31ರ ನಸುಕಿನಲ್ಲಿ ಭೀಕರ ಭೂಕಂಪ ಆ ನಗರವನ್ನು ನೆಲಸಮ ಮಾಡಿದಾಗ ದಂಪತಿಗಳಿಬ್ಬರೂ ಪರಿಹಾರ ಕಾರ್ಯದಲ್ಲಿ ತೊಡಗಿದರು.

ಬರ್ಮಾದ ಯುದ್ಧರಂಗ

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಕಾನ್ ಪ್ರದೇಶದಲ್ಲಿ ಎಂಟನೆಯ ಹೈದರಾಬಾದ್ ಬೆಟಾಲಿಯನ್ನಿನ ನಾಯಕತ್ವ ವಹಿಸಿದರು. 1945ರ ಜನವರಿಯಲ್ಲಿ ಕಾಂಗಾವ್ ಎಂಬಲ್ಲಿ ಜಪಾನೀಯರ ಹಿಮ್ಮೆಟ್ಟುವ ದಾರಿಯನ್ನು ಕಡಿದ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರಾಗಿದ್ದರು. ತಿಮ್ಮಯ್ಯ, ಎಸ್. ಪಿ. ಪಿ. ಥೋರಾಟ್ ಮತ್ತು ಎಲ್. ಪಿ. ಸೇನ್ ಈ ಮೂವರಿಗೂ ಡಿ.ಎಸ್.ಓ. ಪದಕ ಲಭಿಸಿತು. ಭಾರತೀಯ ಅಧಿಕಾರಿಗಳಿಗೆ ಯುದ್ಧರಂಗದಲ್ಲಿ ದೊಡ್ಡ ತುಕಡಿಗಳನ್ನು ನಡೆಸುವ ಸಾಮರ್ಥ್ಯವಿದೆಯೇ ಎಂಬ ಬ್ರಿಟಿಷರ ಸಂದೇಹಕ್ಕೆ ಕಾಂಗಾವ್ ಉತ್ತರವಾಯಿತು. ಬಳಿಕ ಅವರು ರಣರಂಗದಲ್ಲಿ ಬ್ರಿಗೇಡೊಂದರ ಅಧಿಪತ್ಯವನ್ನೂ ವಹಿಸಿದರು. ಅವರ ಅಣ್ಣ ಪೊನ್ನಪ್ಪನವರು ಇದೇ ಯುದ್ಧದಲ್ಲಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯನ್ನು ಸೇರಿದ್ದರೆಂಬುದು ಆ ಕಾಲದ ವೈಪರೀತ್ಯವನ್ನು ಸೂಚಿಸುತ್ತದೆ. ಒಂದೇ ಮನೆಯ ಇಬ್ಬರು ದೇಶಾಭಿಮಾನಿಗಳು ಎದುರುಬದುರಾದ ಪಾಳೆಯಗಳಲ್ಲಿ ನಿಲ್ಲಬೇಕಾಗಿ ಬಂದಿತ್ತು.

ಯುದ್ಧಾನಂತರ ಅವರು ಜಪಾನಿನಲ್ಲಿ ನೆಲೆಗೊಂಡ ಭಾರತೀಯ ಬ್ರಿಗೇಡನ್ನು ಮುನ್ನಡೆಸಿದರು. 1947ರಲ್ಲಿ ದೇಶವಿಭಜನೆಯ ಹೊತ್ತಿಗೆ ಪಂಜಾಬಿನಲ್ಲಿದ್ದು, ಎರಡೂ ದಿಕ್ಕುಗಳಿಂದ ಹರಿದುಬರುತ್ತಿದ್ದ ನಿರಾಶ್ರಿತರ ಸಾಲುಗಳನ್ನು ರಕ್ಷಿಸುವ ಹೊಣೆ ಹೊತ್ತರು. ಭೂಪಟದ ಮೇಲೆ ಎಳೆದ ಒಂದು ಗೆರೆ ನೆಲದ ಮೇಲೆ ಏನಾಗುತ್ತದೆಂಬುದನ್ನು ಅವರು ಹತ್ತಿರದಿಂದ ಕಂಡದ್ದು ಆಗಲೇ.

ಲೇಹ್: ದಾರಿ ಕಡಿದ ನೆಲೆ

1948ರ ಮೇ ತಿಂಗಳ ಆರಂಭದಲ್ಲಿ ಕಾಶ್ಮೀರದ ಕಾರ್ಯಾಚರಣೆಯನ್ನು ಎರಡು ವಿಭಾಗಗಳಾಗಿ ವಿಂಗಡಿಸಿದಾಗ ಶ್ರೀನಗರ ವಿಭಾಗ ಮೇಜರ್ ಜನರಲ್ ತಿಮ್ಮಯ್ಯನವರ ಪಾಲಿಗೆ ಬಂದಿತು. ಪಶ್ಚಿಮ ರಂಗದ ಸರ್ವೋಚ್ಚ ಅಧಿಪತ್ಯ ಆಗ ಕಾರ್ಯಪ್ಪನವರ ಕೈಯಲ್ಲಿತ್ತು. ಹೀಗೆ ದಕ್ಷಿಣದ ಮಳೆಕಾಡಿನ ಒಂದೇ ಒಕ್ಕದ ಇಬ್ಬರು ಹಿಮಾಲಯದ ಯುದ್ಧವನ್ನು ನಿರ್ದೇಶಿಸುವ ಸ್ಥಾನಕ್ಕೆ ಬಂದಿದ್ದರು.

ತಿಮ್ಮಯ್ಯನವರ ಹೊಣೆಯ ವ್ಯಾಪ್ತಿಯಲ್ಲಿ ಕಾಶ್ಮೀರ ಕಣಿವೆಯ ಜೊತೆಗೆ ಲಡಾಖವೂ ಸೇರಿತ್ತು. ಲಡಾಖದ ರಾಜಧಾನಿ ಲೇಹ್ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಶ್ರೀನಗರದಿಂದ ಅಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲ. ಸೋನಾಮಾರ್ಗ್, ಬಾಲ್ತಲ್ ದಾಟಿ, ಜೋಜಿಲಾ ಏರಿ, ದ್ರಾಸ್ ಮತ್ತು ಕಾರ್ಗಿಲ್‌ಗಳ ಮೂಲಕ ಕುದುರೆ ಹೇಸರಗತ್ತೆಗಳು ಸಾಗುವ ಹಾದಿಯೊಂದೇ ಸಂಪರ್ಕ. ಚಳಿಗಾಲದಲ್ಲಿ ಅದೂ ಹಿಮದಡಿ ಹೂತುಹೋಗುತ್ತಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಲಾಹೂಲಿನ ಪೃಥ್ವಿಚಂದ್ ಎಂಬ ಅಧಿಕಾರಿ ನಲವತ್ತರಷ್ಟು ಸ್ವಯಂಸೇವಕ ಸೈನಿಕರೊಡನೆ, ಯಾರೂ ದಾಟದ ಆ ಋತುವಿನಲ್ಲಿ ಜೋಜಿಲಾವನ್ನು ದಾಟಿ ಮಾರ್ಚ್ 8ರಂದು ಲೇಹ್ ತಲುಪಿದ್ದರು. ಊರಿನ ಜನರನ್ನು ಸೇರಿಸಿ ರಕ್ಷಣಾ ದಳವನ್ನು ಕಟ್ಟಿದ್ದರು. ಅವರೊಡನಿದ್ದ ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಸಿಂಧೂ ನದಿಯ ಬಳಿಯ ಮರಳುಗಾಡಿನಂಥ ಬಯಲಿನಲ್ಲಿ, ಸ್ಥಳೀಯ ಕೂಲಿಕಾರರ ನೆರವಿನಿಂದ ವಿಮಾನ ಇಳಿಯಲು ತಕ್ಕ ಓಡುದಾರಿಯೊಂದನ್ನು ಸಿದ್ಧಪಡಿಸಿದ್ದರು.

ಅದರ ಮೇಲೆ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ವಾಯುಪಡೆಯ ಬಳಿಯಿದ್ದ ಡಕೋಟಾ ವಿಮಾನಗಳು ಅಷ್ಟು ಎತ್ತರದ ಪರ್ವತಶ್ರೇಣಿಗಳನ್ನು ದಾಟಲು ನಿರ್ಮಿತವಾದವಲ್ಲ. ಅವುಗಳಲ್ಲಿ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆಯಿರಲಿಲ್ಲ. ಆ ಮಾರ್ಗದ ವಿಶ್ವಸನೀಯ ನಕಾಶೆಗಳೂ ಇರಲಿಲ್ಲ. ಮೇ ತಿಂಗಳಲ್ಲಿ ಆಕ್ರಮಣಕಾರರು ಕಾರ್ಗಿಲನ್ನು ಹಿಡಿದರು. ನೆಲದ ಹಾದಿ ಕಡಿದುಹೋದ ಮೇಲೆ ಲೇಹ್‌ನ ಪತನಕ್ಕೆ ಕೆಲವೇ ವಾರಗಳು ಉಳಿದಿದ್ದವು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವೊಂದನ್ನು ಲೇಹ್‌ನ ಮರಳು ನೆಲದ ಮೇಲೆ ಇಳಿಸಿದರು. ಪ್ರಯಾಣಿಕರ ಸ್ಥಾನದಲ್ಲಿದ್ದವರು ತಿಮ್ಮಯ್ಯನವರು. ವಿಭಾಗದ ಅಧಿಪತಿ ಇಂಥ ಅಪಾಯಕ್ಕೆ ತನ್ನನ್ನು ಒಡ್ಡಿಕೊಳ್ಳುವುದು ಯುದ್ಧನೀತಿಗೆ ಒಪ್ಪುವುದೇ ಎಂದು ಪ್ರಶ್ನಿಸಬಹುದು. ಆದರೆ ಮರುದಿನದಿಂದ ಅದೇ ದಾರಿಯಲ್ಲಿ ಬೇರೆ ವೈಮಾನಿಕರನ್ನೂ ಸೈನಿಕರನ್ನೂ ಕಳುಹಿಸಬೇಕಾಗಿದ್ದವರು ಅವರೇ. ದಾರಿ ಇದೆಯೆಂಬುದನ್ನು ಮೊದಲು ತಾವೇ ನೋಡಿಬರುವುದು ಅವರ ರೀತಿಯಾಗಿತ್ತು. ಕೆಲವು ದಿನಗಳಲ್ಲಿಯೇ ಗೂರ್ಖಾ ಸೈನಿಕರು ವಿಮಾನಗಳಲ್ಲಿ ಲೇಹ್‌ಗೆ ಬಂದಿಳಿದರು. ಗೂರ್ಖಾಗಳ ಇನ್ನೊಂದು ದಳ ಮನಾಲಿಯಿಂದ ಎತ್ತರದ ಕಣಿವೆದಾರಿಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದು ಕೂಡಿಕೊಂಡಿತು. ಲೇಹ್ ಉಳಿಯಿತು.

ಇದೇ ಕಾಲದಲ್ಲಿ ಸ್ಕರ್ದು ಉಳಿಯಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಿಂಧೂ ನದಿಯ ಕೆಳಪಾತ್ರದ ಆ ಕೋಟೆಯನ್ನು ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅಲ್ಪಸಂಖ್ಯೆಯ ಸೈನಿಕರೊಡನೆ ಫೆಬ್ರವರಿಯಿಂದ ಆರು ತಿಂಗಳ ಕಾಲ ಕಾಪಾಡಿದ್ದರು. ನೆರವಿಗೆಂದು ನೆಲದ ಮೇಲೆ ಹೊರಟ ತುಕಡಿಗಳು ಕಿರಿದಾದ ಕಮರಿಗಳಲ್ಲಿ ಹೊಂಚುದಾಳಿಗೆ ಸಿಕ್ಕಿ ಹಿಂದಿರುಗಿದವು. ವಿಮಾನ ಇಳಿಯುವ ತಾಣ ಅಲ್ಲಿರಲಿಲ್ಲ; ಆಕಾಶದಿಂದ ಎಸೆದ ಮದ್ದುಗುಂಡುಗಳು ಸಾಲಲಿಲ್ಲ. ಅನ್ನ, ಮದ್ದುಗುಂಡು ಎರಡೂ ಬರಿದಾದ ಮೇಲೆ ಆಗಸ್ಟ್ 14ರಂದು ಥಾಪಾ ಶರಣಾದರು. ಶರಣಾದ ಸೈನಿಕರಲ್ಲಿ ಬಹುಮಂದಿ ಕೊಲೆಯಾದರು. ಲೇಹ್‌ನ ಕಾವಲುಗಾರರಿಗಿಂತ ಸ್ಕರ್ದುವಿನ ಕಾವಲುಗಾರರು ಶೌರ್ಯದಲ್ಲಿ ಕಡಿಮೆಯವರಾಗಿರಲಿಲ್ಲ. ಒಂದಕ್ಕೆ ದಾರಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ, ವ್ಯತ್ಯಾಸವಿದ್ದುದು ಇಷ್ಟರಲ್ಲಿಯೇ. ತಿಮ್ಮಯ್ಯನವರ ಅಧಿಪತ್ಯದಲ್ಲಿಯೇ ಈ ಎರಡೂ ಸಂಭವಿಸಿದ್ದರಿಂದ ಈ ಪಾಠವನ್ನು ಅವರು ಪುಸ್ತಕಗಳಿಂದ ಕಲಿಯಬೇಕಾಗಿರಲಿಲ್ಲ.

ಜೋಜಿಲಾ

ಲೇಹ್ ವಿಮಾನಗಳ ಆಸರೆಯಲ್ಲಿ ಉಸಿರು ಹಿಡಿದಿತ್ತಾದರೂ ಚಳಿಗಾಲದ ಮೋಡಗಳು ಕವಿದರೆ ಆ ಆಸರೆಯೂ ತಪ್ಪುವಂತಿತ್ತು. ಜೂನ್ ಆರಂಭದಲ್ಲಿ ದ್ರಾಸ್ ಕೈಬಿಟ್ಟಿತ್ತು. ಜುಲೈ ತಿಂಗಳಲ್ಲಿ ಜೋಜಿಲಾ ಕೂಡ ಎದುರಾಳಿಗಳ ವಶವಾಯಿತು. ಸುಮಾರು 11,500 ಅಡಿ ಎತ್ತರದ ಆ ಕಣಿವೆದಾರಿಯ ಎರಡೂ ಬದಿಯ ಬಂಡೆಗಳಲ್ಲಿ ಮೆಷಿನ್‌ಗನ್‌ಗಳನ್ನು ಹುದುಗಿಸಿಟ್ಟಿದ್ದ ಅವರನ್ನು ಕದಲಿಸಲು ಸೆಪ್ಟೆಂಬರಿನಲ್ಲಿ 77ನೆಯ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಗಳು ವಿಫಲವಾದವು. ಕೇವಲ ಕಾಲಾಳು ಪಡೆಯಿಂದ ಇದು ಆಗದ ಕೆಲಸವೆಂಬುದು ಸ್ಪಷ್ಟವಾಯಿತು.

ಆಗ ರೂಪುಗೊಂಡದ್ದು ಟ್ಯಾಂಕುಗಳನ್ನು ಜೋಜಿಲಾಕ್ಕೆ ಏರಿಸುವ ಯೋಜನೆ. ಅಂಥ ಎತ್ತರದಲ್ಲಿ ಅದುವರೆಗೆ ಟ್ಯಾಂಕುಗಳ ಬಳಕೆಯಾಗಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ನಾಯಕತ್ವದ 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಹಗುರ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ತರಲಾಯಿತು. ಗೋಪುರಗಳನ್ನು ಬಿಚ್ಚಿ, ಮೈಗೆ ಹೊದಿಕೆ ಹಾಸಿ, ಗುರುತು ಸಿಗದಂತೆ ಸಾಗಿಸಿದರು. ದಾರಿಯ ಸೇತುವೆಗಳು ಆ ಭಾರವನ್ನು ತಾಳುವಂತೆ ಬಲಪಡಿಸಬೇಕಾಯಿತು. ಶ್ರೀನಗರವನ್ನು ದಾಟುವಾಗ ಕರ್ಫ್ಯೂ ವಿಧಿಸಲಾಗಿತ್ತು. ಬಾಲ್ತಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಕಿರುಹಾದಿಯಷ್ಟೇ ಇತ್ತು. ಅದನ್ನು ಟ್ಯಾಂಕು ಏರಬಲ್ಲ ದಾರಿಯನ್ನಾಗಿ ಮಾಡಿದವರು ಮೇಜರ್ ತಂಗರಾಜು ಅವರ ನೇತೃತ್ವದ ಮದರಾಸ್ ಸ್ಯಾಪರ್ಸ್. ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ ಈ ಎಂಜಿನಿಯರ್ ಪಡೆಯ ದಕ್ಷಿಣದ ಯೋಧರು ಗುಂಡಿನ ಭಯ, ಕೊರೆಯುವ ಚಳಿ ಎರಡನ್ನೂ ಸಹಿಸಿ ಬಂಡೆಯನ್ನು ಸಿಡಿಸಿ, ಇಳಿಜಾರನ್ನು ಕೆತ್ತಿ ಆ ದಾರಿಯನ್ನು ಕಡಿದರು. ಜೋಜಿಲಾದ ಕಥೆಯಲ್ಲಿ ಟ್ಯಾಂಕುಗಳಿಗೆ ಸಲ್ಲುವ ಕೀರ್ತಿಯಲ್ಲಿ ಅರ್ಧ ಪಾಲು ಈ ಹಾದಿ ಕಡಿದವರಿಗೆ ಸಲ್ಲಬೇಕು.

ಹಿಮಪಾತದಿಂದ ಮುಂದೂಡಲ್ಪಟ್ಟಿದ್ದ ದಾಳಿ 1948ರ ನವೆಂಬರ್ 1ರಂದು ನಡೆಯಿತು. ಮೋಡ ಮುಸುಕಿದ ಆ ಮಧ್ಯಾಹ್ನ ಟ್ಯಾಂಕುಗಳು ಕಣಿವೆದಾರಿಯೊಳಗೆ ನುಗ್ಗಿ ಬಂಡೆಗಳಲ್ಲಿ ಅಡಗಿದ್ದ ನೆಲೆಗಳನ್ನು ಒಂದೊಂದಾಗಿ ಒಡೆದವು. ಹಿಂದಿನಿಂದ ಕಾಲಾಳು ಪಡೆ ಮುನ್ನಡೆಯಿತು. ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರೆಂಬುದು ಪ್ರಸಿದ್ಧವಾಗಿದೆ. ಸಂಜೆಯ ಹೊತ್ತಿಗೆ ಗುಮ್ರಿಯ ಬಯಲು ಕೈಸೇರಿತು. ನವೆಂಬರ್ ಮಧ್ಯದಲ್ಲಿ ದ್ರಾಸ್ ಮರಳಿ ದೊರೆಯಿತು. ನಾಲ್ಕನೆಯ ವಾರದಲ್ಲಿ ಕಾರ್ಗಿಲ್ ವಶವಾಗಿ, ಲೇಹ್ ಕಡೆಯಿಂದ ಬಂದ ಪಡೆಯೊಡನೆ ಸಂಪರ್ಕ ಏರ್ಪಟ್ಟಿತು. ಎತ್ತರದ ಚಳಿಗೆ ತಕ್ಕ ಉಡುಪು, ಪಾದರಕ್ಷೆಗಳಿಲ್ಲದೆ ಹೋರಾಡಿದ ಸೈನಿಕರಲ್ಲಿ ಅನೇಕರು ಹಿಮದ ಕಡಿತದಿಂದ ಕೈಕಾಲುಗಳ ಬೆರಳುಗಳನ್ನು ಕಳೆದುಕೊಂಡರು. ವಿಜಯದ ಲೆಕ್ಕದಲ್ಲಿ ಇದೂ ಸೇರಬೇಕು.

ಕರಾಚಿಯಲ್ಲಿ ಎಳೆದ ರೇಖೆ

1949ರ ಜನವರಿ 1ರಂದು ಕದನ ವಿರಾಮ ಜಾರಿಗೆ ಬಂದಿತು. ಅದರ ರೇಖೆಯನ್ನು ನಿರ್ಧರಿಸಲು ಜುಲೈ ತಿಂಗಳಲ್ಲಿ ಕರಾಚಿಯಲ್ಲಿ ವಿಶ್ವಸಂಸ್ಥೆಯ ಆಯೋಗದ ಆಶ್ರಯದಲ್ಲಿ ಎರಡೂ ದೇಶಗಳ ಸೇನಾ ಪ್ರತಿನಿಧಿಗಳು ಸೇರಿದರು. ಲೆಫ್ಟಿನೆಂಟ್ ಜನರಲ್ ಶ್ರೀನಾಗೇಶ್, ಮೇಜರ್ ಜನರಲ್ ತಿಮ್ಮಯ್ಯ, ಬ್ರಿಗೇಡಿಯರ್ ಮಾಣಿಕ್‌ಷಾ ಭಾರತದ ಪರವಾಗಿದ್ದರು. ಜುಲೈ 27ರಂದು ಒಪ್ಪಂದಕ್ಕೆ ಅಂಕಿತ ಬಿದ್ದಿತು.

ಆ ರೇಖೆ ದಕ್ಷಿಣದ ಮನಾವರದಿಂದ ಹೊರಟು ಉತ್ತರಕ್ಕೂ ಪೂರ್ವಕ್ಕೂ ಸಾಗಿ, ಮುಂದೆ ಎನ್‌ಜೆ 9842 ಎಂಬ ನಕಾಶೆಯ ಸಂಕೇತದಿಂದ ಪ್ರಸಿದ್ಧವಾದ ಬಿಂದುವಿನ ಬಳಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಅದು ಉತ್ತರಾಭಿಮುಖವಾಗಿ ಹಿಮನದಿಗಳವರೆಗೆ ಸಾಗುವುದೆಂಬ ಸಾಮಾನ್ಯ ವಿವರಣೆಯಷ್ಟೇ ಒಪ್ಪಂದದಲ್ಲಿದೆ. ಬಿಂದುಗಳನ್ನು ಗುರುತಿಸಲಿಲ್ಲ, ಅಳತೆ ಮಾಡಲಿಲ್ಲ. ಆ ಹಿಮರಾಶಿಯ ಮೇಲೆ ಅಂದು ಯಾವ ಪಕ್ಷದ ಸೈನಿಕನೂ ಇರಲಿಲ್ಲ; ಅಲ್ಲಿ ಸೈನ್ಯ ನೆಲೆಯೂರಬಹುದೆಂಬ ಕಲ್ಪನೆ ಆ ಕಾಲದ ಸೇನಾಜ್ಞಾನದ ಆಚೆಗಿತ್ತು. ಎತ್ತರದ ಯುದ್ಧವನ್ನು ಅಂದು ಯಾರಿಗಿಂತಲೂ ಚೆನ್ನಾಗಿ ಅರಿತಿದ್ದ ದಂಡನಾಯಕರೊಬ್ಬರು ಆ ಸಭೆಯಲ್ಲಿದ್ದರೂ ರೇಖೆ ಹಿಮದಂಚಿನಲ್ಲಿಯೇ ನಿಂತಿತೆಂಬುದು ಗಮನಾರ್ಹ. ಅಪೂರ್ಣವಾಗಿ ಬಿಟ್ಟ ಆ ಗೆರೆಯ ಪರಿಣಾಮ ಕಾಣಿಸಿಕೊಂಡದ್ದು ಮೂವತ್ತೈದು ವರ್ಷಗಳ ಅನಂತರ.

ಕೊರಿಯಾದಿಂದ ದೆಹಲಿಗೆ

1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಯುದ್ಧಕೈದಿಗಳ ಭವಿಷ್ಯವನ್ನು ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳ ಕಾವಲಿಗೆ ನಿಂತ ಭಾರತೀಯ ಪಡೆಯ ನಾಯಕರು ಕಾಂಗಾವ್‌ನ ಸಂಗಾತಿ ಥೋರಾಟ್. ಎರಡು ಶಕ್ತಿಬಣಗಳ ನಡುವೆ, ಬಲಪ್ರಯೋಗಕ್ಕೆ ಎಡೆಗೊಡದೆ ಆ ಕಾರ್ಯವನ್ನು ನಿರ್ವಹಿಸಿದ್ದಕ್ಕಾಗಿ ಅವರಿಗೆ ಅಂತರರಾಷ್ಟ್ರೀಯ ಮನ್ನಣೆ ಲಭಿಸಿತು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

ಅದೇ ವರ್ಷ ಚೀನಾ ಲಡಾಖದ ಈಶಾನ್ಯ ಮೂಲೆಯ ಅಕ್ಸಾಯ್ ಚಿನ್ ಮೂಲಕ ಸಿಂಕಿಯಾಂಗ್–ಟಿಬೆಟ್ ರಸ್ತೆಯನ್ನು ಪೂರ್ಣಗೊಳಿಸಿತು. ಹೀಗೆ ವಿವಾದಗ್ರಸ್ತ ಗಡಿಯ ಆಚೆಗೆ ಲಾರಿಗಳು ಓಡುವ ರಸ್ತೆ, ಈಚೆಗೆ ಹೇಸರಗತ್ತೆಯ ಹಾದಿ ಎಂಬ ಪರಿಸ್ಥಿತಿ ಏರ್ಪಟ್ಟಿತು. 1948ರಲ್ಲಿ ಲೇಹ್, ಸ್ಕರ್ದುಗಳ ನಡುವಿನ ವ್ಯತ್ಯಾಸವನ್ನು ಕಂಡಿದ್ದ ತಿಮ್ಮಯ್ಯನವರಿಗೆ ಇದರ ಅರ್ಥ ತಿಳಿಯದಿರಲಿಲ್ಲ. ರಸ್ತೆ, ಸಾರಿಗೆ, ಎತ್ತರಕ್ಕೆ ಹೊಂದಿಕೊಂಡ ಸೈನಿಕರು, ಸಾಕಷ್ಟು ಶಸ್ತ್ರಾಸ್ತ್ರ ಇವಿಲ್ಲದೆ ಮುಂದಕ್ಕೆ ಚಾಚಿದ ಠಾಣೆಗಳು ರಕ್ಷಣೆಯಾಗಲಾರವೆಂಬುದು ಅವರ ನಿಲುವಾಗಿತ್ತು. ಹಣಕಾಸಿನ ಅಭಾವ, ಚೀನಾದಿಂದ ಯುದ್ಧ ಬಾರದೆಂಬ ರಾಜಕೀಯ ನಂಬಿಕೆ, ಪಾಕಿಸ್ತಾನವೇ ಮುಖ್ಯ ಎದುರಾಳಿಯೆಂಬ ದೃಷ್ಟಿ ಇವು ಆ ನಿಲುವಿಗೆ ಅಡ್ಡವಾದವು. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರೊಡನೆ ಅವರ ಸಂಬಂಧ ಬಡ್ತಿ, ನೇಮಕಗಳ ವಿಷಯದಲ್ಲಿಯೂ ಹದಗೆಟ್ಟಿತು.

1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್‌ಜು ಠಾಣೆಯ ಮೇಲೆ ಚೀನೀ ಸೈನಿಕರು ಗುಂಡು ಹಾರಿಸಿದರು. ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮನವೊಲಿಕೆಯಿಂದ ಅದನ್ನು ಹಿಂದೆಗೆದುಕೊಂಡರು. ಸುದ್ದಿ ಪತ್ರಿಕೆಗಳಿಗೆ ಸಿಕ್ಕಿತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಮಾತನಾಡಿದ ನೆಹರೂ, ಸೇನೆಯ ಮೇಲೆ ನಾಗರಿಕ ಸರ್ಕಾರದ ಅಧಿಕಾರವೇ ಅಂತಿಮವೆಂಬುದನ್ನು ಸ್ಪಷ್ಟಪಡಿಸಿ, ಭಿನ್ನಾಭಿಪ್ರಾಯಗಳನ್ನು ಸ್ವಭಾವಗಳ ಘರ್ಷಣೆಯೆಂಬಂತೆ ಲಘುವಾಗಿಸಿದರು. ತಿಮ್ಮಯ್ಯನವರು ಮೌನವಾಗಿದ್ದರು. ರಾಜೀನಾಮೆಯನ್ನು ಹಿಂದೆಗೆದುಕೊಂಡದ್ದು ಅವರ ದೌರ್ಬಲ್ಯವೆಂದು ಕೆಲವರು, ನಾಗರಿಕ ಅಧಿಕಾರಕ್ಕೆ ತೋರಿದ ವಿಧೇಯತೆಯೆಂದು ಇನ್ನು ಕೆಲವರು ವಿಮರ್ಶಿಸಿದ್ದಾರೆ. ನೆರೆಯ ಪಾಕಿಸ್ತಾನದಲ್ಲಿ ಒಂದು ವರ್ಷದ ಹಿಂದೆಯಷ್ಟೇ ಸೇನಾಧಿಪತಿಯೊಬ್ಬರು ಅಧಿಕಾರ ಹಿಡಿದಿದ್ದ ಕಾಲವದು. ಅತ್ಯಂತ ಜನಪ್ರಿಯ ದಂಡನಾಯಕರೊಬ್ಬರು ತಮ್ಮ ಅಸಮಾಧಾನವನ್ನು ಸಂವಿಧಾನದ ಎಲ್ಲೆಯೊಳಗೇ ಇರಿಸಿಕೊಂಡದ್ದು ಗಣರಾಜ್ಯಕ್ಕೆ ಒಳಿತಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಮೂಲ ಪ್ರಶ್ನೆಯಾದ ಗಡಿಯ ಸಿದ್ಧತೆ ವ್ಯಕ್ತಿಗಳ ಜಗಳದ ಕಥೆಯಲ್ಲಿ ಮರೆಯಾಯಿತು.

ಅಕ್ಟೋಬರ್ 21ರಂದು ಲಡಾಖದ ಕೋಂಗ್ಕಾ ಲಾ ಬಳಿ ಚೀನೀಯರ ಗುಂಡಿಗೆ ಭಾರತೀಯ ಪೊಲೀಸರು ಬಲಿಯಾದ ಮೇಲೆ ಆ ಗಡಿಯ ಹೊಣೆ ಸೇನೆಗೆ ವರ್ಗಾವಣೆಯಾಯಿತು. 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಕೆಲಸ ಆರಂಭವಾಗಿತ್ತು, ಕಾಲ ಸಾಲದಾಗಿತ್ತು. 1961ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ನಿವೃತ್ತರಾದರು.

ನಿವೃತ್ತಿ ಮತ್ತು ಕೊನೆಯ ವರ್ಷಗಳು

ಅವರು ನಿವೃತ್ತರಾದ ಆರು ತಿಂಗಳಿಗೆ, 1961ರ ನವೆಂಬರ್ 2ರಂದು, ಸಾಧ್ಯವಾದಷ್ಟೂ ಮುಂದೆ ಹೋಗಿ ಠಾಣೆಗಳನ್ನು ಸ್ಥಾಪಿಸುವ ನೀತಿಯನ್ನು ಸರ್ಕಾರ ಅಂಗೀಕರಿಸಿತು. ಲಡಾಖದ ಬರಡು ಕಣಿವೆಗಳಲ್ಲಿ ಹತ್ತಿಪ್ಪತ್ತು ಸೈನಿಕರ ಠಾಣೆಗಳು ಎದ್ದವು. ಅವುಗಳಲ್ಲಿ ಹಲವಕ್ಕೆ ಅಕ್ಕಿ, ಹಿಟ್ಟು, ಸೀಮೆಎಣ್ಣೆ ಎಲ್ಲವೂ ಆಕಾಶದಿಂದಲೇ ಬೀಳಬೇಕಾಗಿತ್ತು. 1962ರ ಜುಲೈಯಲ್ಲಿ ಸೆಮಿನಾರ್ ಪತ್ರಿಕೆಗೆ ಬರೆದ ಲೇಖನದಲ್ಲಿ ತಿಮ್ಮಯ್ಯನವರು, ಬಹಿರಂಗ ಯುದ್ಧದಲ್ಲಿ ಭಾರತ ತಾನೊಂದೇ ಚೀನಾವನ್ನು ಎದುರಿಸುವುದು ಸೇನಾದೃಷ್ಟಿಯಿಂದ ಸಾಧ್ಯವಾಗದೆಂದೂ ಗಡಿಯ ಸುರಕ್ಷತೆಯನ್ನು ರಾಜತಾಂತ್ರಿಕರೇ ನೋಡಿಕೊಳ್ಳಬೇಕೆಂದೂ ಸೂಚಿಸಿದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 20ರಂದು, ಯುದ್ಧ ಆರಂಭವಾಯಿತು.

ನವೆಂಬರ್ 18ರಂದು ಚುಶೂಲಿನ ಬಳಿ, ಹದಿನಾರು ಸಾವಿರ ಅಡಿಗೂ ಎತ್ತರದ ರೇಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ನಾಯಕತ್ವದ ಒಂದು ಕಂಪನಿ ಕೊನೆಯ ಗುಂಡಿನವರೆಗೆ ಹೋರಾಡಿ ಬಹುತೇಕ ಸಂಪೂರ್ಣವಾಗಿ ಮಡಿಯಿತು. ನಡುವಿನ ಬೆಟ್ಟ ಅಡ್ಡವಾಗಿದ್ದುದರಿಂದ ಭಾರತದ ಫಿರಂಗಿಗಳು ಅವರಿಗೆ ನೆರವಾಗುವಂತಿರಲಿಲ್ಲ. ಅವರ ಹೆಣಗಳು ಪತ್ತೆಯಾದದ್ದು ಮರುವರ್ಷ ಹಿಮ ಕರಗಿದ ಮೇಲೆ. ಅವರು 13ನೆಯ ಕುಮಾವೂಂ ಬೆಟಾಲಿಯನ್ನಿನ ಸೈನಿಕರು. ತಿಮ್ಮಯ್ಯನವರು ಹನ್ನೆರಡು ವರ್ಷಗಳ ಕಾಲ ಮುಖ್ಯಸ್ಥರಾಗಿದ್ದ ರೆಜಿಮೆಂಟಿನವರು. ತಾವು ಮುಂಗಂಡದ್ದು ತಮ್ಮವರ ಮೇಲೆಯೇ ಎರಗಿದ್ದನ್ನು ಅವರು ನಿವೃತ್ತ ಜೀವನದಲ್ಲಿ ಕಾಣಬೇಕಾಯಿತು.

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ಅಧಿಪತಿಯನ್ನಾಗಿ ನೇಮಿಸಿತು. ಗ್ರೀಕ್ ಮತ್ತು ತುರ್ಕಿ ಜನಾಂಗಗಳ ನಡುವೆ ಎಳೆದ ಇನ್ನೊಂದು ಗೆರೆಯನ್ನು ಕಾಯುವ ಹೊಣೆಯದು. ಆ ಕರ್ತವ್ಯದಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ಅಂತ್ಯಕ್ರಿಯೆ ಬೆಂಗಳೂರಿನಲ್ಲಿ ನಡೆಯಿತು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು.

ಉಪಸಂಹಾರ

ಕರಾಚಿಯಲ್ಲಿ ಹಿಮದಂಚಿಗೆ ನಿಂತಿದ್ದ ರೇಖೆಯ ಆಚೆಗೆ 1984ರ ಏಪ್ರಿಲ್ 13ರಂದು ಭಾರತೀಯ ಸೈನಿಕರು ಕಾಲಿಟ್ಟರು. ಸಿಯಾಚಿನ್ ಹಿಮನದಿಯ ಪಶ್ಚಿಮದ ಬಿಲಾಫೊಂಡ್ ಲಾದಲ್ಲಿ ಹೆಲಿಕಾಪ್ಟರಿನಿಂದ ಮೊದಲು ಇಳಿದ ತುಕಡಿ 4ನೆಯ ಕುಮಾವೂಂ ಬೆಟಾಲಿಯನ್ನಿಗೆ ಸೇರಿತ್ತು. ತರುಣ ತಿಮ್ಮಯ್ಯನವರು ಬಾಗ್ದಾದಿನಲ್ಲಿ ಸೇರಿಕೊಂಡ ನಾಲ್ಕನೆಯ ಹೈದರಾಬಾದ್ ಬೆಟಾಲಿಯನ್ನೇ ಅದು. ಅಂದಿನಿಂದ ಆ ಹಿಮದ ಮೇಲೆ ಎರಡೂ ದೇಶಗಳ ಸೈನಿಕರು ಎದುರುಬದುರಾಗಿ ನಿಂತಿದ್ದಾರೆ. ಅಲ್ಲಿ ಗುಂಡಿಗಿಂತ ಹೆಚ್ಚು ಜೀವಗಳನ್ನು ತೆಗೆದುಕೊಂಡದ್ದು ಚಳಿ, ತೆಳುವ ಗಾಳಿ ಮತ್ತು ಹಿಮಕುಸಿತ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಕನ್ನಡನಾಡಿನ ಹಳ್ಳಿಹಳ್ಳಿಗೂ ಸಿಯಾಚಿನ್ ಎಂಬ ಹೆಸರಿನ ಭಾರ ತಿಳಿದದ್ದು ಆ ವಾರದಲ್ಲಿ.

ತಿಮ್ಮಯ್ಯನವರ ಬದುಕನ್ನು ಕೇವಲ ವಿಜಯಗಳ ಪಟ್ಟಿಯಾಗಿ ಓದಿದರೆ ಅದರ ಅರ್ಧ ಕೈತಪ್ಪುತ್ತದೆ. ಲೇಹ್ ಉಳಿದದ್ದು, ಸ್ಕರ್ದು ಬಿದ್ದದ್ದು, ಜೋಜಿಲಾ ತೆರೆದದ್ದು, ರೇಜಾಂಗ್ ಲಾದಲ್ಲಿ ಒಂದು ಕಂಪನಿ ಅಳಿದದ್ದು ಇವೆಲ್ಲವೂ ಒಂದೇ ಪಾಠದ ಬೇರೆ ಬೇರೆ ಪುಟಗಳು. ಎತ್ತರದ ಠಾಣೆಯ ಬಲ ಅಲ್ಲಿ ನಿಂತ ಸೈನಿಕನ ಎದೆಗಾರಿಕೆಯಿಂದಷ್ಟೇ ಬರುವುದಿಲ್ಲ. ಅವನ ಬೆನ್ನ ಹಿಂದಿನ ದಾರಿ, ಆ ದಾರಿಯನ್ನು ಕಡಿದ ಕೈಗಳು, ಅದರ ಮೇಲೆ ಸಾಗಿಬರುವ ಅನ್ನ ಮತ್ತು ಉಡುಪು, ಇವನ್ನು ಒದಗಿಸಬೇಕಾದ ಸರ್ಕಾರದ ವಿವೇಕ ಎಲ್ಲವೂ ಸೇರಿ ಆ ಬಲವಾಗುತ್ತದೆ. ಸೈನಿಕನಿಂದ ಧೈರ್ಯವನ್ನು ಕೇಳುವ ಮೊದಲು ಅವನಿಗೆ ದಾರಿಯನ್ನು ಒದಗಿಸಬೇಕೆಂಬುದು ತಿಮ್ಮಯ್ಯನವರ ಸೇನಾಜೀವನದ ಸಾರ. 1948ರಲ್ಲಿ ಅದನ್ನು ಅವರು ಮಾಡಿ ತೋರಿಸಿದರು. 1959ರಲ್ಲಿ ಅದನ್ನು ಹೇಳಿದರು. ಸಕಾಲದಲ್ಲಿ ಅದು ಫಲಿಸಲಿಲ್ಲ. ಅವರ ಕೀರ್ತಿ ಮೊದಲನೆಯದರ ಮೇಲೆ ನಿಂತಿದೆಯಾದರೂ ಅವರ ಬದುಕಿನಿಂದ ಮುಂದಿನವರು ಕಲಿಯಬೇಕಾದದ್ದು ಎರಡನೆಯದರಲ್ಲಿಯೂ ಅಷ್ಟೇ ಇದೆ.